ಫ್ರಿಜ್ಜಿನಲ್ಲಿಟ್ಟ ರಕ್ತಕ್ಕೂ ವಯಸ್ಸಾಗುತ್ತದೆ, ಶಾಸಕರೇ

ಉಡುಪಿಯ ಮಾನ್ಯ ಶಾಸಕರಿಗೆ ನಮಸ್ಕಾರ.

ಪ್ರತಿ ಆಗಸ್ಟ್ 15ಕ್ಕೆ ರಕ್ತದಾನ ಶಿಬಿರ ಉದ್ಘಾಟಿಸಲು ನಿಮ್ಮನ್ನು ಕರೆಯುವ ಯುವಕ ಮಂಡಲದವರಲ್ಲಿ ನಾನೂ ಒಬ್ಬ. ಈ ಸಲ ನಾವು ದಿನ ಬದಲಾಯಿಸಿದ್ದೇವೆ. ಯಾಕೆ ಅಂತ ಹೇಳಬೇಕು.

ಎರಡು ವರ್ಷದ ಹಿಂದೆ ದೊಡ್ಡಮ್ಮನ ಆಪರೇಷನ್‌ಗೆ ರಕ್ತ ಬೇಕಾಯಿತು. ಸಿಕ್ಕಿದ ಬ್ಯಾಗಿನ ಮೇಲೆ ಮೂರು ವಾರ ಹಿಂದಿನ ತಾರೀಕು. ಮಲ್ಪೆಯಲ್ಲಿ ಬಂಗುಡೆಯ ಕಿವಿರು ಎತ್ತಿ ನೋಡುವವನ ಹಾಗೆ ಬ್ಯಾಗು ತಿರುಗಿಸಿ ನೋಡಿ, 'ಇದು ಬೇಡ, ತಾಜಾ ಕೊಡಿ' ಅಂದೆ. ರಕ್ತನಿಧಿಯ ಟೆಕ್ನೀಷಿಯನ್ ಬೈಯಲಿಲ್ಲ. ಕೂರಿಸಿ ವಿವರಿಸಿದರು.

ನಮ್ಮ ಮೈಯಲ್ಲಿರುವ ಕೆಂಪು ಕಣ ನೀರುದೋಸೆಯಷ್ಟು ಮೆತ್ತಗೆ. ಮಡಚಿಕೊಂಡು ಎಂಥ ಸಣ್ಣ ರಕ್ತನಾಳದಲ್ಲೂ ನುಸುಳುತ್ತದೆ. 2ರಿಂದ 6 ಡಿಗ್ರಿ ಚಳಿಯಲ್ಲಿ ಇಟ್ಟರೂ ಅದು ದಿನದಿಂದ ದಿನಕ್ಕೆ ಸೊರಗುತ್ತದೆ. ಆಮ್ಲಜನಕ ಬಿಟ್ಟುಕೊಡಲು ನೆರವಾಗುವ ಡಿಪಿಜಿ ಎಂಬ ವಸ್ತು ಎರಡು ವಾರದಲ್ಲೇ ಬಹುಪಾಲು ಖಾಲಿ. ಒಳಗಿನ ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ಕಣದ ಮೈಗೆ ಮುಳ್ಳು ಮೂಡುತ್ತದೆ, ಆಮೇಲೆ ಗುಂಡಗಾಗಿ ಬಿಗಿಯುತ್ತದೆ, ಕೆಲವು ಒಡೆದೇ ಹೋಗುತ್ತವೆ.

ಹಾಗಂತ ಮೂರು ವಾರದ ರಕ್ತ ಕೆಟ್ಟದ್ದಲ್ಲ. ರೋಗಿಯ ಮೈ ಸೇರಿದ ಮೇಲೆ ಡಿಪಿಜಿ ಎರಡು ಮೂರು ದಿನದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. 2015ರಲ್ಲಿ ಹೊರಬಂದ 'ಏಬಲ್' ಅಧ್ಯಯನದಲ್ಲಿ ಐಸಿಯುನಲ್ಲಿದ್ದ 2,400ಕ್ಕೂ ಜಾಸ್ತಿ ರೋಗಿಗಳಿದ್ದರು. ಅರ್ಧದಷ್ಟು ಜನರಿಗೆ ಸರಾಸರಿ 6 ದಿನದ ರಕ್ತ, ಉಳಿದವರಿಗೆ 22 ದಿನದ್ದು. 90 ದಿನದ ನಂತರ ಬದುಕುಳಿದವರ ಲೆಕ್ಕದಲ್ಲಿ ಹೊಸ ರಕ್ತಕ್ಕೆ ಮೇಲುಗೈ ಸಿಗಲಿಲ್ಲ. ಹಸುಗೂಸಿನ ರಕ್ತ ಬದಲಿಸುವಂಥ ಸಂದರ್ಭಕ್ಕೆ ಹೊಸ ಬ್ಯಾಗೇ ಬೇಕು, ಆ ಪೊಟ್ಯಾಸಿಯಂ ಕಾರಣಕ್ಕೆ. ದೊಡ್ಡಮ್ಮ ಮೂರು ವಾರದ ರಕ್ತದಲ್ಲೇ ಚೇತರಿಸಿಕೊಂಡರು. ನನ್ನ ಹಟ ಸುಮ್ನೆ.

ಆದರೆ ಈ ವಯಸ್ಸಿಗೂ ಒಂದು ಗಡಿ ಇದೆ. ರಕ್ತ ಕೆಡದಿರಲೆಂದು ಬ್ಯಾಗಿಗೆ ಹಾಕಿರುವ ದ್ರಾವಣ ಯಾವುದು ಎಂಬುದರ ಮೇಲೆ 35 ದಿನ, ಇಲ್ಲವೇ 42 ದಿನ. ಮನೆಗೆ ಬಂದು ಕ್ಯಾಲೆಂಡರ್ ತೆಗೆದೆ. 42 ದಿನ ಅಂತಲೇ ಹಿಡಿದರೂ ಆಗಸ್ಟ್ 15ರ ಕೆಂಪು ಕಣಗಳಿಗೆ ಸೆಪ್ಟೆಂಬರ್ 26 ಕೊನೆಯ ದಿನ. ಅವತ್ತು ಕೊಟ್ಟ ಗಂಡಸರು ಮತ್ತೆ ಕೊಡಬೇಕಾದರೆ 90 ದಿನ ಆಗಬೇಕು, ಅಂದರೆ ನವೆಂಬರ್ 13. ಹೆಂಗಸರಿಗೆ ನಾಲ್ಕು ತಿಂಗಳು. ನಡುವಿನ ಏಳು ವಾರ ಆ ರಕ್ತವೂ ಇಲ್ಲ, ಆ ದಾನಿಗಳೂ ಇಲ್ಲ! ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್ಲೆಟ್‌ಗಂತೂ ಐದೇ ದಿನ. ಊರೂರಿನ ಮಂಡಲಗಳೆಲ್ಲ ಒಂದೇ ದಿನ ತೋಳು ಚಾಚಿದರೆ ಆಗುವುದು ಇದೇ ಅಲ್ವಾ?

ನಮ್ಮ ಬೇಡಿಕೆ ಕಟ್ಟಡವಲ್ಲ, ಅನುದಾನವೂ ಅಲ್ಲ. ಆರೋಗ್ಯ ಇಲಾಖೆ, ರಕ್ತನಿಧಿಗಳು, ಸಂಘಸಂಸ್ಥೆಗಳನ್ನು ಒಮ್ಮೆ ಕೂರಿಸಿ ಇಡೀ ಜಿಲ್ಲೆಗೆ ಶಿಬಿರಗಳ ಒಂದು ಕ್ಯಾಲೆಂಡರ್ ಮಾಡಿಸಿ. ಬೈಂದೂರಿಗೆ ಒಂದು ವಾರ, ಕಾರ್ಕಳಕ್ಕೆ ಇನ್ನೊಂದು, ಹೀಗೆ. ಕಾಲೇಜುಗಳಿಗೆ ರಜೆ ಇರುವಾಗ, ಆಟಿ ತಿಂಗಳ ಮಳೆಯಲ್ಲಿ ಯಾರು ಮಾಡುತ್ತಾರೆ ಎಂಬುದು ಮೊದಲೇ ಗೊತ್ತಿರಲಿ. ನಿಮ್ಮ ಹುಟ್ಟುಹಬ್ಬದ ಶಿಬಿರವನ್ನೂ ಆ ಪಟ್ಟಿಗೇ ಹಾಕಿ. ನಾಲ್ಕು ವಾರ ಆಚೀಚೆ ಆದರೆ ಅಭಿಮಾನಿಗಳು ಬೇಜಾರು ಮಾಡಿಕೊಳ್ಳಲಿಕ್ಕಿಲ್ಲ.

ನಮ್ಮ ಶಿಬಿರ ಅಕ್ಟೋಬರ್ ಎರಡನೇ ಭಾನುವಾರ. ಆಗಸ್ಟ್‌ನಲ್ಲಿ ಕೊಡದವರನ್ನೇ ಹುಡುಕಿ ಒಪ್ಪಿಸುತ್ತಿದ್ದೇವೆ. ನೀವೂ ಕೊಟ್ಟಿಲ್ಲದಿದ್ದರೆ ಬನ್ನಿ. ವೇದಿಕೆ ಇರುವುದಿಲ್ಲ, ಮಂಚ ಇರುತ್ತದೆ.

ಇಂತಿ,
ಯುವಕ ಮಂಡಲದ ಒಬ್ಬ ಸದಸ್ಯ, ಉಡುಪಿ