ಮಾತ್ರೆ ಕಳಿಸಬೇಡ ಅಮ್ಮ

ಲೀಡ್ಸ್, ಭಾನುವಾರ ಸಂಜೆ

ಪ್ರೀತಿಯ ಅಮ್ಮ, ಅಪ್ಪ,

ಅಮ್ಮ, ನೀನು ಮೊನ್ನೆ ಫೋನಿನಲ್ಲಿ, ನಿನ್ನ ಥೈರಾಯ್ಡ್ ಮಾತ್ರೆ ಆರು ತಿಂಗಳಿಗೆ ಆಗುವಷ್ಟು ತೆಗೆದಿಟ್ಟಿದ್ದೇನೆ, ಆ ಕಡೆ ಯಾರಾದರೂ ಬರುವವರಿದ್ದರೆ ಕೊಟ್ಟು ಕಳಿಸ್ತೇನೆ ಅಂತ ಹೇಳಿದೆಯಲ್ಲ. ಬೇಡ ಅಮ್ಮ. ಕಡಿಯಾಳಿಯ ಮೆಡಿಕಲ್‌ನವರು ವಾಪಸ್ ತಗೊಳ್ತಾರಾ ಅಂತ ಒಮ್ಮೆ ಕೇಳಿ ನೋಡು. ನನಗೆ ಇಲ್ಲಿ ಮಾತ್ರೆ ಸಿಗ್ತಾ ಉಂಟು, ದುಡ್ಡೂ ಕೊಡಲಿಕ್ಕಿಲ್ಲ. ಇದನ್ನೆಲ್ಲ ಫೋನಿನಲ್ಲಿ ಸರಿಯಾಗಿ ಹೇಳಲಿಕ್ಕೆ ಆಗಲಿಲ್ಲ, ನೀನು ಗಾಬರಿ ಆಗ್ತೀ ಅಂತ ಕೆಲವು ವಿಷಯ ಹೇಳಲೂ ಇಲ್ಲ. ಈಗ ಎಲ್ಲ ಸರಿ ಆಗಿದೆ, ಹಾಗಾಗಿ ಬರೆಯುತ್ತಿದ್ದೇನೆ. ಮೇ ತಿಂಗಳಲ್ಲಿ ನೀವು ಬರುವಾಗ ಇದು ನಿಮಗೂ ಬೇಕಾಗ್ತದೆ.

ಜುಲೈಯಲ್ಲಿ ಬರುವಾಗ 120 ಮಾತ್ರೆಯ ಒಂದು ಡಬ್ಬಿ ತಂದಿದ್ದೆ. ಅದು ಇದ್ದ ಧೈರ್ಯದಲ್ಲಿ ಇಲ್ಲಿ ಡಾಕ್ಟರ ಹತ್ತಿರ ಹೆಸರು ಬರೆಸಲೇ ಇಲ್ಲ. ಮನೆ ಹುಡುಕುವುದು, ಬ್ಯಾಂಕ್ ಖಾತೆ, ಪುಟ್ಟನ ಶಾಲೆ, ಇದರಲ್ಲೇ ದಿನ ಹೋಯಿತು. ನವೆಂಬರ್‌ನಲ್ಲಿ ಒಂದು ಶನಿವಾರ ಬೆಳಿಗ್ಗೆ ಡಬ್ಬಿ ಎತ್ತಿದರೆ ಸದ್ದೇ ಬೇರೆ. ಒಳಗೆ ಎರಡೇ ಮಾತ್ರೆ. ನನಗೆ ಆಗಲೂ ಭಯ ಆಗಲಿಲ್ಲ. ನಮ್ಮಲ್ಲಿ ಹೇಗೆ ಮಾಡ್ತೇವೆ? ಖಾಲಿ ಡಬ್ಬಿ ಹಿಡಿದು ಮೆಡಿಕಲ್‌ಗೆ ಹೋಗಿ "ಇದೇ ಕೊಡಿ" ಅಂತೇವೆ, ಅವರು ಕೊಡ್ತಾರೆ. ಅಪ್ಪನ ಬಿಪಿ ಮಾತ್ರೆಗಂತೂ ಬಾಯಿ ತೆರೆಯುವುದೂ ಬೇಡ, ಅಪ್ಪ ಸ್ಕೂಟರ್ ನಿಲ್ಲಿಸುವಷ್ಟರಲ್ಲಿ ಅವರು ಸ್ಟ್ರಿಪ್ ತೆಗೆದು ಮೇಜಿನ ಮೇಲೆ ಇಟ್ಟಿರ್ತಾರೆ.

ಹಾಗೇ ಇಲ್ಲೂ ಡಬ್ಬಿ ಹಿಡಿದು ಹತ್ತಿರದ ಫಾರ್ಮಸಿಗೆ ಹೋದೆ. ಹುಡುಗಿ ಡಬ್ಬಿ ತಿರುಗಿಸಿ ತಿರುಗಿಸಿ ನೋಡಿದಳು. ಥೈರೋನಾರ್ಮ್ ಅನ್ನುವ ಹೆಸರು ಅವಳು ಕೇಳಿಯೇ ಇರಲಿಲ್ಲ. ಒಳಗಿನಿಂದ ಫಾರ್ಮಸಿಸ್ಟ್ ಬಂದರು, ಕನ್ನಡಕ ಹಣೆಗೆ ಏರಿಸಿ ಡಬ್ಬಿಯ ಸಣ್ಣ ಅಕ್ಷರ ಓದಿ "ಓ, ಲೆವೊಥೈರಾಕ್ಸಿನ್" ಅಂದರು. ಥೈರೋನಾರ್ಮ್ ಕಂಪನಿ ಇಟ್ಟ ಹೆಸರು, ಇದು ಔಷಧಿಯ ಅಸಲು ಹೆಸರು. ನನಗೆ ಸಮಾಧಾನ ಆಯಿತು. ಮುಂದಿನ ಮಾತಿಗೆ ಅದು ಹೋಯಿತು. ಈ ದೇಶದ ಡಾಕ್ಟರ ಚೀಟಿ ಇಲ್ಲದೆ ಒಂದು ಮಾತ್ರೆಯೂ ಕೊಡಲಿಕ್ಕೆ ಆಗುವುದಿಲ್ಲವಂತೆ. ನಾನು ಮಣಿಪಾಲದ ರಿಪೋರ್ಟ್ ಫೋನಿನಲ್ಲಿ ತೋರಿಸಿದೆ. ಹತ್ತು ವರ್ಷದಿಂದ ತಗೊಳ್ತಾ ಇದ್ದೇನೆ ಅಂದೆ. ಅವರು ತಾಳ್ಮೆಯಿಂದ ಕೇಳಿದರು, ಆದರೆ ತಲೆ ಅಲ್ಲಾಡಿಸಿದರು. ಇಲ್ಲಿ ಮಾತ್ರೆ ಕೊಳ್ಳುವುದಲ್ಲ ಅಮ್ಮ, ಬರೆಸಿಕೊಳ್ಳುವುದು. ಅದು ನನಗೆ ಅಲ್ಲಿ ನಿಂತಾಗಲೇ ಗೊತ್ತಾದದ್ದು.

ಸೋಮವಾರ ಡಾಕ್ಟರ ಹತ್ತಿರ ಹೆಸರು ಬರೆಸಲು ಹೊರಟೆ. ಇಲ್ಲಿ ಪ್ರತಿಯೊಬ್ಬರಿಗೂ ಅವರ ಏರಿಯಾದ ಒಬ್ಬ ಡಾಕ್ಟರು ಇರಬೇಕು, ಜಿಪಿ ಅಂತಾರೆ. ಮೊದಲು ಅವರ ಹತ್ತಿರವೇ ಹೋಗಬೇಕು, ನಾವೇ ಸೀದಾ ದೊಡ್ಡ ಆಸ್ಪತ್ರೆಯ ಸ್ಪೆಷಲಿಸ್ಟ್ ಹತ್ತಿರ ಹೋಗುವ ಕ್ರಮ ಇಲ್ಲ. ಹೆಸರು ಬರೆಸಲಿಕ್ಕೆ ದುಡ್ಡಿಲ್ಲ. ಒಂದು ಫಾರ್ಮ್ ತುಂಬಿಸಿದರೆ ಆಯಿತು, ಆಮೇಲೆ ಹತ್ತು ಅಂಕೆಯ ಒಂದು ನಂಬರ್ ಸಿಗ್ತದೆ, ಜೀವನಪೂರ್ತಿ ಅದೇ ನಂಬರ್. ಆದರೆ ಹೊಸಬರಾದ್ದರಿಂದ ಡಾಕ್ಟರನ್ನು ನೋಡಲು ಹನ್ನೊಂದು ದಿನ ಕಾಯಿರಿ ಅಂದರು. ಒಟ್ಟು ಲೆಕ್ಕ ಹಾಕಿದರೆ ಹನ್ನೆರಡು ದಿನ ಮಾತ್ರೆ ಇಲ್ಲದೆ ಕಳೆದೆ. ಬೈಬೇಡ. ಕೊನೆಕೊನೆಗೆ ಮಧ್ಯಾಹ್ನವೇ ಕಣ್ಣು ಎಳೆಯುತ್ತಿತ್ತು, ಕೈಕಾಲು ತಣ್ಣಗೆ. ಅದು ಮಾತ್ರೆ ಇಲ್ಲದ್ದಕ್ಕೋ, ನಾಲ್ಕು ಗಂಟೆಗೇ ಕತ್ತಲೆ ಆಗುವ ಈ ಚಳಿಗೋ ಗೊತ್ತಾಗಲಿಲ್ಲ. ತುರ್ತು ಇದ್ದರೆ 111 ಅನ್ನುವ ನಂಬರಿಗೆ ಫೋನ್ ಮಾಡಿ ಏನು ಮಾಡುವುದು ಅಂತ ಕೇಳಬಹುದು, ಹಗಲು ರಾತ್ರಿ ಇರ್ತಾರೆ. ನನಗೆ ಆಗ ಅದು ಗೊತ್ತಿರಲಿಲ್ಲ.

ಡಾಕ್ಟರು ಒಳ್ಳೆಯವರು. ರಕ್ತ ಪರೀಕ್ಷೆ ಬರೆದರು, ರಿಪೋರ್ಟ್ ಬರುವವರೆಗೂ ಕಾಯದೆ 28 ದಿನದ ಮಾತ್ರೆಯೂ ಬರೆದರು. ಚೀಟಿ ನನ್ನ ಕೈಗೆ ಕೊಡಲಿಲ್ಲ. "ಯಾವ ಫಾರ್ಮಸಿಗೆ ಕಳಿಸಲಿ?" ಅಂತ ಕೇಳಿದರು ಅಷ್ಟೇ. ಕಂಪ್ಯೂಟರಿನಲ್ಲೇ ಹೋಗ್ತದೆ. ಮರುದಿನ ಅದೇ ಫಾರ್ಮಸಿಗೆ ಹೋದೆ, ಅದೇ ಹುಡುಗಿ, ಬಿಳಿ ಕಾಗದದ ಚೀಲ ತಂದು ನನ್ನ ವಿಳಾಸ ಕೇಳಿ ಕೊಟ್ಟಳು.

ಆ ಚೀಲವನ್ನು ಬಸ್‌ ಸ್ಟಾಪಿನಲ್ಲೇ ಬಿಚ್ಚಿದೆ. ಒಳಗೆ ಸಣ್ಣ ರಟ್ಟಿನ ಪೆಟ್ಟಿಗೆ, ಅದರ ಮೇಲೆ ಅಂಟಿಸಿದ ಬಿಳಿ ಚೀಟಿಯಲ್ಲಿ ನನ್ನ ಪೂರ್ತಿ ಹೆಸರು, ಅಪ್ಪನ ಹೆಸರೂ ಸೇರಿ. ಬೆಳಿಗ್ಗೆ ಒಂದು ಮಾತ್ರೆ, ತಿಂಡಿಗೂ ಕಾಫಿಗೂ ಕನಿಷ್ಠ ಅರ್ಧ ಗಂಟೆ ಮೊದಲು, ಅಂತ ಅಚ್ಚು ಮಾಡಿದ್ದಾರೆ. ಕಾಫಿಗೂ ಅಂತ ಬರೆದದ್ದನ್ನು ಎರಡು ಸಲ ಓದಿದೆ. ಇಷ್ಟು ವರ್ಷ ನಾನು ಮಾತ್ರೆ ನುಂಗಿ ಸೀದಾ ಅಡಿಗೆಮನೆಗೆ ಬಂದು ನೀನು ಇಳಿಸಿಟ್ಟ ಕಾಫಿ ಕುಡಿಯುತ್ತಿದ್ದೆ ಅಲ್ವಾ? ಈಗ ಮಾತ್ರೆ ತಗೊಂಡು ಪುಟ್ಟನ ಟಿಫಿನ್ ಕಟ್ಟಿ, ಅವನಿಗೆ ಬೂಟು ಹಾಕಿಸಿದ ಮೇಲೆಯೇ ಕಾಫಿ. ನೀನೂ ನಿನ್ನ ಥೈರಾಯ್ಡ್ ಮಾತ್ರೆಗೆ ಹಾಗೇ ಮಾಡು, ದಯವಿಟ್ಟು. ಪೆಟ್ಟಿಗೆಯ ಮೇಲೆ ಎಲ್ಲಿ ಹುಡುಕಿದರೂ ಎಂಆರ್‌ಪಿ ಇಲ್ಲ. ಅಪ್ಪ ಮೊದಲು ನೋಡುವುದೇ ಅದನ್ನು.

ದುಡ್ಡಿನ ವಿಷಯ ಹೇಳ್ತೇನೆ. ಡಾಕ್ಟರನ್ನು ನೋಡಲು ದುಡ್ಡಿಲ್ಲ, ರಕ್ತ ಪರೀಕ್ಷೆಗೂ ಇಲ್ಲ. ಆದರೆ ಇಂಗ್ಲೆಂಡಿನಲ್ಲಿ ಚೀಟಿಯಲ್ಲಿ ಬರೆದ ಒಂದೊಂದು ಔಷಧಿಗೆ 9.90 ಪೌಂಡ್. ನಮ್ಮ ಲೆಕ್ಕದಲ್ಲಿ ಸಾವಿರ ರೂಪಾಯಿಯ ಮೇಲೆ. ಅಗ್ಗದ ಮಾತ್ರೆ ಇರಲಿ, ಲಕ್ಷದ ಇಂಜೆಕ್ಷನ್ ಇರಲಿ, ನಾವು ಕೊಡುವುದು ಅಷ್ಟೇ. ದೊಡ್ಡ ಕಾಯಿಲೆಯವರಿಗೆ ಇದು ದೇವರು ಕೊಟ್ಟ ಹಾಗೆ, ನನ್ನ ಸಣ್ಣ ಮಾತ್ರೆಗೆ ಮಾತ್ರ ಜಾಸ್ತಿ ಅನಿಸಿತು. ವೀಸಾ ಮಾಡುವಾಗಲೇ ದೊಡ್ಡವರಿಗೆ ತಲೆಗೆ ವರ್ಷಕ್ಕೆ 1,035 ಪೌಂಡ್ ಆರೋಗ್ಯದ ಶುಲ್ಕ ಅಂತ ಕಟ್ಟಿದ್ದೇವೆ, ಅದು ನಿಮಗೆ ಗೊತ್ತುಂಟು. ಅದರ ಮೇಲೆ ಇದೂ. ಸುಮ್ನೆ ಕೊಟ್ಟು ಬಂದೆ. ಡಿಸೆಂಬರ್, ಜನವರಿ, ಫೆಬ್ರವರಿ, ಹೀಗೆ ಪ್ರತಿ ತಿಂಗಳೂ ಕೊಟ್ಟೆ.

ಮಾರ್ಚ್‌ನಲ್ಲಿ ಒಂದು ದಿನ ಪಕ್ಕದ ಮನೆಯ ಅಜ್ಜಿ ನನ್ನ ಕೈಯಲ್ಲಿ ಚೀಲ ನೋಡಿ ಕೇಳಿದರು. ಅವರಿಗೆ ಎಂಬತ್ತು ದಾಟಿದೆ. 1948ರ ಜುಲೈ 5ರಂದು ಎನ್‌ಎಚ್‌ಎಸ್ ಅನ್ನುವ ಇಲ್ಲಿಯ ಈ ಸರಕಾರಿ ಆರೋಗ್ಯ ವ್ಯವಸ್ಥೆ ಶುರುವಾದಾಗ ಅವರು ಸಣ್ಣ ಹುಡುಗಿ. ಮೊದಲು ಔಷಧಿಯೆಲ್ಲ ಪುಕ್ಕಟೆ ಇತ್ತು, 1952ರಲ್ಲಿ ಚೀಟಿಗೆ ಒಂದು ಶಿಲ್ಲಿಂಗ್ ಮಾಡಿದರು, ನಡುವೆ ಮೂರು ವರ್ಷ ತೆಗೆದು 1968ರಲ್ಲಿ ಮತ್ತೆ ಹಾಕಿದರು, ಅಂತೆಲ್ಲ ಹೇಳಿದರು. ಆಮೇಲೆ "ಥೈರಾಯ್ಡಿಗೆ ನೀನು ಯಾಕೆ ದುಡ್ಡು ಕೊಡ್ತೀ?" ಅಂದರು. ನನಗೆ ಅರ್ಥವೇ ಆಗಲಿಲ್ಲ.

ಇಲ್ಲಿ ಕೆಲವು ಕಾಯಿಲೆಗೆ ವಿನಾಯಿತಿ ಉಂಟಂತೆ. ಮಾತ್ರೆ ತಗೊಳ್ಳುವ ಸಕ್ಕರೆ ಕಾಯಿಲೆ, ಯಾವಾಗಲೂ ಔಷಧಿ ಬೇಕಾಗುವ ಫಿಟ್ಸ್, ಕ್ಯಾನ್ಸರ್, ನನ್ನ ಹಾಗೆ ಥೈರಾಯ್ಡ್ ಕಡಿಮೆ ಇದ್ದು ಮಾತ್ರೆ ತಗೊಳ್ಳುವವರು, ಹೀಗೆ. ಡಾಕ್ಟರ ಹತ್ತಿರ ಒಂದು ಫಾರ್ಮ್ ಇರ್ತದೆ, ನಾವು ತುಂಬಿಸಬೇಕು, ಅವರು ಸಹಿ ಹಾಕಬೇಕು. ಐದು ವರ್ಷಕ್ಕೆ ಸರ್ಟಿಫಿಕೇಟ್ ಕೊಡ್ತಾರೆ. ಅದು ಇದ್ದರೆ ಥೈರಾಯ್ಡ್ ಮಾತ್ರೆ ಮಾತ್ರ ಅಲ್ಲ, ಯಾವ ಔಷಧಿ ಬರೆದರೂ ದುಡ್ಡಿಲ್ಲ. ಇದನ್ನು ನನಗೆ ಡಾಕ್ಟರ ಆಫೀಸಿನಲ್ಲಾಗಲಿ ಫಾರ್ಮಸಿಯಲ್ಲಾಗಲಿ ಯಾರೂ ಹೇಳಲಿಲ್ಲ. ಕೇಳಿದರೆ ಹೇಳ್ತಿದ್ದರು. ಆದರೆ ಗೊತ್ತೇ ಇಲ್ಲದ್ದನ್ನು ಹೇಗೆ ಕೇಳುವುದು ಅಮ್ಮ? ಹೊಸದಾಗಿ ಬಂದವರಿಗೆ ಹೆಸರು ಬರೆಸುವಾಗಲೇ ಒಂದು ಮಾತು ಹೇಳಬೇಕಿತ್ತು ಅಂತ ನನಗೆ ಈಗಲೂ ಬೇಸರ ಉಂಟು.

ಕೊಟ್ಟ ದುಡ್ಡು ವಾಪಸ್ ಕೇಳೋಣ ಅಂದರೆ ಅದಕ್ಕೊಂದು ಬೇರೆಯೇ ರಸೀದಿ ಬೇಕು, ಎಫ್‌ಪಿ57 ಅಂತ. ದುಡ್ಡು ಕೊಡುವ ಹೊತ್ತಿಗೇ ಕೇಳಿ ತಗೊಳ್ಳಬೇಕು, ಆಮೇಲೆ ಕೊಡುವುದಿಲ್ಲ. ನಾನು ತಗೊಂಡಿರಲಿಲ್ಲ. ಹೋಯಿತು. ಸರ್ಟಿಫಿಕೇಟ್ ಬರುವ ಮೊದಲೇ "ನನಗೆ ವಿನಾಯಿತಿ ಉಂಟು" ಅಂತ ಫಾರ್ಮಸಿಯಲ್ಲಿ ಟಿಕ್ ಮಾಡಲಿಕ್ಕೂ ಇಲ್ಲ, ಆಮೇಲೆ ಪರೀಕ್ಷೆ ಮಾಡಿ ನೂರು ಪೌಂಡ್‌ವರೆಗೆ ದಂಡ ಹಾಕ್ತಾರೆ. ತಂಗಿಯ ಗೆಳತಿ ಬರುವ ತಿಂಗಳು ಬರ್ಮಿಂಗ್‌ಹ್ಯಾಮಿಗೆ ಬರ್ತಾಳಂತಲ್ಲ, ಅವಳಿಗೂ ಥೈರಾಯ್ಡ್ ಇದೆ. ಇಳಿದ ವಾರವೇ ಡಾಕ್ಟರ ಹತ್ತಿರ ಹೆಸರು ಬರೆಸಲಿ, ಆ ಫಾರ್ಮ್ ಅವತ್ತೇ ಕೇಳಲಿ, ಅಲ್ಲಿವರೆಗೆ ದುಡ್ಡು ಕೊಟ್ಟರೆ ಎಫ್‌ಪಿ57 ಬಿಡದೆ ತಗೊಳ್ಳಲಿ. ಇದನ್ನು ಮರೆಯದೆ ಹೇಳಿಬಿಡು.

ಇವರಿಗೆ, ನಿಮ್ಮ ಅಳಿಯನಿಗೆ, ಮಾತ್ರ ವಿನಾಯಿತಿ ಇಲ್ಲ. ಆಸ್ತಮಾ ಆ ಪಟ್ಟಿಯಲ್ಲೇ ಇಲ್ಲ. ಉಸಿರಾಟದ ಕಾಯಿಲೆ ಅದು, ಪಂಪ್ ಇಲ್ಲದೆ ಒಂದು ರಾತ್ರಿ ಕಳೆಯುವುದು ಕಷ್ಟ, ಆದರೂ ಇಲ್ಲ. ಸರ್ಟಿಫಿಕೇಟ್ ಬಂದ ಮೇಲೆ ನನಗೆ ಪುಕ್ಕಟೆ, ಅವರಿಗೆ ಒಂದೊಂದು ಪಂಪಿಗೂ 9.90. ಇದು ಯಾವ ನ್ಯಾಯ ಅಂತ ನನಗೆ ಅರ್ಥವಾಗುವುದಿಲ್ಲ. ಅವರೀಗ ವರ್ಷದ ಪಾಸ್ ಮಾಡಿಸಿದ್ದಾರೆ, 114.50 ಪೌಂಡ್. ಹತ್ತು ಕಂತಿನಲ್ಲಿ ಕಟ್ಟಬಹುದು. ವರ್ಷಕ್ಕೆ ಹನ್ನೊಂದು ಔಷಧಿ ದಾಟಿದರೆ ಲಾಭ, ಅವರಿಗೆ ಎರಡು ಬಗೆಯ ಪಂಪ್ ಮತ್ತೆ ಮತ್ತೆ ಬೇಕಾದ್ದರಿಂದ ಸುಲಭದಲ್ಲಿ ದಾಟ್ತದೆ. ಎಡಿನ್‌ಬರೋದಲ್ಲಿರುವ ನನ್ನ ಕಾಲೇಜಿನ ಗೆಳತಿಗೆ ಇದು ಯಾವುದೂ ಇಲ್ಲ, ಸ್ಕಾಟ್ಲೆಂಡಿನಲ್ಲಿ 2011ರಿಂದ ಎಲ್ಲರಿಗೂ ಪುಕ್ಕಟೆ. ವೇಲ್ಸ್‌ನಲ್ಲಿ ಅದಕ್ಕೂ ಮೊದಲೇ, 2007ರಲ್ಲಿ.

ಪುಟ್ಟನ ಕಿವಿನೋವಿನ ದಿನ ನಾನು ಈ ವ್ಯವಸ್ಥೆಯನ್ನು ಮನಸಾರೆ ಮೆಚ್ಚಿದೆ. ರಾತ್ರಿಯೆಲ್ಲ ಅತ್ತಿದ್ದ. ಬೆಳಿಗ್ಗೆ ಡಾಕ್ಟರ ಆಫೀಸಿಗೆ ಫೋನ್ ಮಾಡಿದರೆ, ಫಾರ್ಮಸಿಗೇ ಕರೆದುಕೊಂಡು ಹೋಗಿ, ಅವರೇ ನೋಡ್ತಾರೆ ಅಂದರು. ಕಿವಿನೋವು, ಗಂಟಲು ನೋವು, ಸರ್ಪಸುತ್ತು, ಹೀಗೆ ಏಳು ತೊಂದರೆಗೆ 2024ರ ಜನವರಿಯಿಂದ ಫಾರ್ಮಸಿಸ್ಟೇ ನೋಡಿ ಔಷಧಿ ಕೊಡಬಹುದಂತೆ. ಅದೇ ಕನ್ನಡಕದವರು. ಒಳಗಿನ ಸಣ್ಣ ಕೋಣೆಗೆ ಕರೆದು, ಅವನನ್ನು ನನ್ನ ತೊಡೆ ಮೇಲೆ ಕೂರಿಸಿ, ಮೊದಲು ಅವನ ಟೆಡ್ಡಿಯ ಕಿವಿಗೆ ಲೈಟ್ ಬಿಟ್ಟರು, ಆಮೇಲೆ ಇವನದ್ದಕ್ಕೆ. ಆ್ಯಂಟಿಬಯಾಟಿಕ್ ಈಗ ಬೇಡ ಅಂದರು. ನೋವಿಗೆ ಪ್ಯಾರಾಸಿಟಮಾಲ್ ಸಿರಪ್ ಎಷ್ಟು ಎಂಎಲ್, ಎಷ್ಟು ಗಂಟೆಗೊಮ್ಮೆ ಅಂತ ಬರೆದುಕೊಟ್ಟು, ಜ್ವರ ಜಾಸ್ತಿ ಆದರೆ ಅಥವಾ ಕಿವಿ ಸೋರಿದರೆ ತಕ್ಷಣ ಬನ್ನಿ ಅಂದರು. ಮೂರನೇ ದಿನಕ್ಕೆ ಗುಣ ಆಯಿತು. ಮೊದಲಾದರೆ ನಾನು ನಿನಗೆ ಫೋನ್ ಮಾಡಿ, ಹೋದ ಸಲ ಅವನಿಗೆ ಕೊಟ್ಟ ಆ್ಯಂಟಿಬಯಾಟಿಕ್ ಹೆಸರು ಕೇಳುತ್ತಿದ್ದೆ.

ಇನ್ನು ನಿಮ್ಮ ವಿಷಯ. ನೀವು ಇಲ್ಲಿರುವ ಎರಡು ತಿಂಗಳಿಗೆ ಬೇಕಾದ ಮಾತ್ರೆ, ಮೇಲೆ ಹದಿನೈದು ದಿನದ್ದು, ಅಲ್ಲಿಂದಲೇ ತನ್ನಿ. ಇಲ್ಲಿ ಸಿಕ್ಕೀತು ಅಂತ ಬರಬೇಡಿ. ಕೈಚೀಲದಲ್ಲೇ ಇಡಿ, ದೊಡ್ಡ ಪೆಟ್ಟಿಗೆಯಲ್ಲಿ ಬೇಡ. ಅಪ್ಪ ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ ಹಳೆಯ ಹಾರ್ಲಿಕ್ಸ್ ಬಾಟಲಿಗೆ ತುಂಬಿಸ್ತಾರಲ್ಲ, ಅದು ಈ ಸಲ ಬೇಡವೇ ಬೇಡ. ಸ್ಟ್ರಿಪ್ ಹಾಗೇ ಇರಲಿ, ಜೊತೆಗೆ ಡಾಕ್ಟರ ಚೀಟಿ, ಅದರಲ್ಲಿ ಕಂಪನಿ ಹೆಸರಿನ ಪಕ್ಕ ಔಷಧಿಯ ಅಸಲು ಹೆಸರನ್ನೂ ಬರೆಸಿ. ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ ಬಿಪಿ ಇದೆ, ಸ್ಟೆಂಟ್ ಹಾಕಿದೆ ಅಂತ ಮುಚ್ಚಿಡದೆ ಹೇಳಿ. ತುರ್ತು ವಿಭಾಗದಲ್ಲಿ ನೋಡಿದ್ದಕ್ಕೆ ಇಲ್ಲಿ ಯಾರಿಗೂ ದುಡ್ಡಿಲ್ಲ, ಆದರೆ ಅಡ್ಮಿಟ್ ಮಾಡಿದರೆ ಸಂದರ್ಶಕರಿಗೆ ಬಿಲ್ಲು ಬರ್ತದೆ, ಅದೂ ಒಂದೂವರೆ ಪಟ್ಟು.

ಹಾಂ, ಅಪ್ಪನಿಗೆ ಒಂದು ಮಾತು. ಜನೌಷಧಿ ಅಂಗಡಿಯ ಮಾತ್ರೆ ಅಗ್ಗ, ಹಾಗಾಗಿ ಡಲ್ಲು ಅಂತ ನೀವು ಹೇಳ್ತೀರಲ್ಲ. ಇಲ್ಲಿ ಡಾಕ್ಟರು ಹೆಚ್ಚಾಗಿ ಅಸಲು ಹೆಸರಲ್ಲೇ ಬರೆಯುವುದು, ಯಾವ ಕಂಪನಿಯದು ಬರ್ತದೋ ಅದನ್ನೇ ಎಲ್ಲರೂ ತಗೊಳ್ತಾರೆ. ನನಗೇ ಎರಡು ಸಲ ಪೆಟ್ಟಿಗೆಯ ಬಣ್ಣ ಬದಲಾಯಿತು, ರಕ್ತದ ರಿಪೋರ್ಟ್ ಸರಿಯಾಗೇ ಇದೆ. ನಿಮ್ಮ ಡಾಕ್ಟರನ್ನು ಒಮ್ಮೆ ಕೇಳಿ ನೋಡಿ, ಕೇಳದೆ ಬದಲಿಸಬೇಡಿ.

ಈಗ ನಾನು ಫೋನಿನ ಆ್ಯಪ್‌ನಲ್ಲೇ ಮುಂದಿನ ತಿಂಗಳ ಮಾತ್ರೆ ಕೇಳ್ತೇನೆ, ಎಂಟು ಮಾತ್ರೆ ಉಳಿದಿರುವಾಗಲೇ. ಡಾಕ್ಟರು ಒಪ್ಪಲು ಎರಡು ಮೂರು ದಿನ, ಫಾರ್ಮಸಿಯವರು ತಯಾರು ಮಾಡಲು ಮತ್ತೆರಡು ದಿನ. ನಡುವೆ ರಜೆ ಬಂದರೆ ಇನ್ನೂ ತಡ. ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಏಕಾದಶಿಯ ಪಕ್ಕ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದೇನೆ.

ಅಮ್ಮ, ಈ ಪತ್ರ ಓದಿದ ಕೂಡಲೇ ನಿಮ್ಮಿಬ್ಬರ ಎಲ್ಲ ಸ್ಟ್ರಿಪ್‌ಗಳ ಹಿಂಬದಿಯ ಫೋಟೋ ತೆಗೆದು ಕಳಿಸು. ಕತ್ತರಿಸಿದ ಸ್ಟ್ರಿಪ್ ಆದರೆ ಹೆಸರು ಅರ್ಧ ಹೋಗಿರ್ತದೆ, ಪೂರ್ತಿ ಇರುವುದನ್ನೇ ತೆಗೆ, ಕಿಟಕಿ ಹತ್ತಿರ ಹಿಡಿದು. ನಾನು ಇಲ್ಲಿಯ ಹೆಸರು ಬರೆದು ಇಟ್ಟುಕೊಳ್ತೇನೆ. ಆರು ತಿಂಗಳ ಮಾತ್ರೆ ಕಳಿಸಬೇಕು ಅಂತಿದ್ದ ಜಾಗದಲ್ಲಿ ಸಾರಿನ ಪುಡಿ ಕಳಿಸು.

ನಿಮ್ಮ ಮಗಳು