ನನ್ನ ಲೆಕ್ಕವನ್ನು ಮತ್ತೊಮ್ಮೆ ನೋಡಿದವರಿಗೆ

ಮೈಸೂರಿನ ಆಸ್ಪತ್ರೆಯೊಂದರ ಔಷಧ ತಯಾರಿಕಾ ಕೊಠಡಿಗೆ ನಾನು ಟೆಕ್ನಿಷಿಯನ್ ಆಗಿ ಸೇರಿ ಈ ತಿಂಗಳಿಗೆ 10 ವರ್ಷ ತುಂಬಿತು. ಮಂಡ್ಯದಿಂದ ಬೆಳಗಿನ ರೈಲು ಹಿಡಿದು ಬರುವ ನನ್ನನ್ನು ಅಮ್ಮ ನೆಂಟರ ಮುಂದೆ ಇಂದಿಗೂ ‘ಕಾಂಪೌಂಡರ್’ ಎಂದೇ ಪರಿಚಯಿಸುತ್ತಾರೆ. ಡಾಕ್ಟರ ಪಕ್ಕದ ಕೋಣೆಯಲ್ಲಿ ಕೆಂಪು ಮಿಕ್ಸ್ಚರ್ ಬೆರೆಸಿ, ಒಂದೊಂದು ಹೊತ್ತಿನ ಅಳತೆಗೆ ಕಾಗದದ ಪಟ್ಟಿ ಕತ್ತರಿಸಿ ಬಾಟಲಿಗೆ ಅಂಟಿಸಿ ಕೊಡುತ್ತಿದ್ದವರ ಹೆಸರದು. ಕಂಪನಿಗಳು ಮಾಡದ ಪ್ರಮಾಣದಲ್ಲೋ ರೂಪದಲ್ಲೋ ಒಬ್ಬ ರೋಗಿಗೆ ಮದ್ದು ಬೇಕಾದಾಗ ಅದನ್ನು ಅವರಿಗೆಂದೇ ಸಿದ್ಧಪಡಿಸುವ ನನ್ನ ಕೆಲಸವೂ ಮೂಲದಲ್ಲಿ ಅದೇ ಆದ್ದರಿಂದ ನಾನು ಅಮ್ಮನನ್ನು ತಿದ್ದಲು ಹೋಗಿಲ್ಲ. ಇಂದು ಕೃತಜ್ಞತೆ ಹೇಳಬೇಕೆನಿಸಿರುವುದು, ಈ ವರ್ಷಗಳಲ್ಲಿ ನನ್ನ ಕೈಯಿಂದ ಬಂದದ್ದನ್ನು ಸುಮ್ಮನೆ ಒಪ್ಪಿಕೊಳ್ಳದೆ ಪ್ರಶ್ನೆ ಕೇಳಿದವರಿಗೆ.

ಅವರಲ್ಲಿ ಮೊದಲಿಗರು ನನಗೆ ಕೆಲಸ ಕಲಿಸಿದ, ಈಚೆಗೆ ನಿವೃತ್ತರಾದ ಹಿರಿಯ ಫಾರ್ಮಸಿಸ್ಟ್. ವೈದ್ಯರ ಚೀಟಿಯ ಮೇಲೆ ಔಷಧ ಬೆರೆಸಿ ಕೊಡುವ ಹೊಣೆಯನ್ನು 1948ರ ಫಾರ್ಮಸಿ ಕಾಯ್ದೆ ನೋಂದಾಯಿತ ಫಾರ್ಮಸಿಸ್ಟರಿಗೆ ವಹಿಸಿರುವುದರಿಂದ, ನಾನು ಅರೆದು ಅಳೆದು ಇಟ್ಟ ಪ್ರತಿಯೊಂದಕ್ಕೂ ಅವರ ಸಹಿ ಬೀಳಬೇಕಿತ್ತು. ಮಾತ್ರೆಯನ್ನು ಪಿಂಗಾಣಿಯ ಕುಟ್ಟಾಣಿಯಲ್ಲಿ ನುಣ್ಣಗೆ ಅರೆದ ಮೇಲೆ ದ್ರವವನ್ನು ಒಮ್ಮೆಲೇ ಸುರಿಯಬಾರದೆಂಬುದನ್ನು ಅವರು ರಾಗಿ ಗಂಜಿಯ ಲೆಕ್ಕದಲ್ಲಿ ಹೇಳಿಕೊಟ್ಟರು: ಹಿಟ್ಟನ್ನು ಮೊದಲು ಸ್ವಲ್ಪ ನೀರಿನಲ್ಲಿ ಕದಡಿಕೊಳ್ಳದಿದ್ದರೆ ಗಂಟು ತಪ್ಪದು, ಗಂಟಾದ ಮದ್ದಿನಲ್ಲಿ ಒಂದು ಚಮಚಕ್ಕೆ ಬಂದದ್ದು ಇನ್ನೊಂದು ಚಮಚಕ್ಕೆ ಬಾರದು. ಇಷ್ಟನ್ನು ಕೈ ಬೇಗ ಕಲಿಯಿತು. ಸೊನ್ನೆಯ ಬೆಲೆಯನ್ನು ಕಲಿಯುವುದು ತಡವಾಯಿತು.

ಸೇರಿದ ಎರಡನೆಯ ವರ್ಷದ ಮಾತು. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಹೆಚ್ಚಿದ್ದ ಎರಡೂವರೆ ಕಿಲೋ ತೂಕದ ಹಸುಗೂಸಿಗೆ ಸಿಲ್ಡೆನಾಫಿಲ್ ದ್ರವ ಬೇಕಾಗಿತ್ತು. (ದೊಡ್ಡವರು ಆ ಮಾತ್ರೆಯನ್ನು ಬೇರೆ ಕಾರಣಕ್ಕೆ ಕೊಳ್ಳುವುದರಿಂದ, ಮೆಡಿಕಲ್ ಶಾಪಿನಲ್ಲಿ ಅದರ ಹೆಸರು ಹೇಳಲು ಮಕ್ಕಳ ಅಪ್ಪಂದಿರು ಪಡುವ ಸಂಕೋಚವನ್ನು ನಾನು ಹಲವು ಬಾರಿ ನೋಡಿದ್ದೇನೆ.) 50 ಮಿಲಿಗ್ರಾಂನ ನಾಲ್ಕು ಮಾತ್ರೆಗಳನ್ನು ಅರೆದು 80 ಮಿಲಿ ಲೀಟರ್ ಮಾಡಿದೆ, ಒಂದು ಮಿಲಿ ಲೀಟರಿಗೆ ಎರಡೂವರೆ ಮಿಲಿಗ್ರಾಂ ಬಂತು, ಅಲ್ಲಿಯವರೆಗೆ ಎಲ್ಲವೂ ಸರಿ. ಆದರೆ ಚೀಟಿಯಲ್ಲಿ ಮುಂದೆ ಸೊನ್ನೆಯಿಲ್ಲದೆ ಬರೆದಿದ್ದ ‘.5’ರ ಚುಕ್ಕಿ ಮಸುಕಾಗಿತ್ತು, ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಲೇಬಲ್ಲಿನ ಮೇಲೆ ಪ್ರತಿ ಸಲಕ್ಕೆ 5 ಮಿಲಿ ಲೀಟರ್ ಎಂದು ಬರೆದೆ. ಫಾರ್ಮಸಿಸ್ಟ್ ಸರ್ ಬಾಟಲಿಯನ್ನು ಕೈಗೆತ್ತಿಕೊಂಡು, ಬೇರೇನೂ ಹೇಳದೆ, “ಮಗುವಿನ ತೂಕ ಎಷ್ಟು?” ಎಂದು ಮಾತ್ರ ಕೇಳಿದರು. ಉತ್ತರ ಹೇಳುತ್ತಿದ್ದಂತೆ ನನ್ನ ನಾಲಿಗೆ ಒಣಗಿತು. ಕೊಡಬೇಕಾದದ್ದರ ಹತ್ತು ಪಟ್ಟು ಬರೆದಿದ್ದೆ. ಅಷ್ಟು ಕುಡಿಸಿದ್ದರೆ ಆ ಕೂಸಿನ ರಕ್ತದೊತ್ತಡ ಕುಸಿದು ಹೋಗಬಹುದಿತ್ತು. ಕೆಲಸ ಬಿಡುತ್ತೇನೆ ಎಂದು ಆ ಸಂಜೆ ಹೇಳಿದಾಗ ಅವರು ಸಮಾಧಾನದ ಮಾತನ್ನೇನೂ ಆಡದೆ, ಮರುದಿನದ ಚೀಟಿಗಳನ್ನು ನನ್ನ ಮೇಜಿನ ಮೇಲಿಟ್ಟು ಮನೆಗೆ ಹೋದರು. ಸರ್, ಆ ಚೀಟಿಗಳಿಗಾಗಿ ನಿಮಗೆ ನಾನು ಋಣಿ.

ಎರಡನೆಯವರು ಮದ್ದೂರು ಕಡೆಯ ರೈತರೊಬ್ಬರು. ಕಟಾವಿನ ವೇಳೆ ಕಬ್ಬಿನ ಗರಿ ಅವರ ತಮ್ಮನ ಕಣ್ಣಿಗೆ ತಗುಲಿ ಕಪ್ಪುಗುಡ್ಡೆಯ ಮೇಲೆ ಹುಣ್ಣಾಗಿತ್ತು. ಅಂಥ ಹುಣ್ಣಿಗೆ ಅಂಗಡಿಯ ಮಾಮೂಲಿ ಹನಿಗಳು ಸಾಲದಿದ್ದಾಗ, ಸೆಫಜೋಲಿನ್ ಎಂಬ ಆ್ಯಂಟಿಬಯೋಟಿಕ್‌ನ 500 ಮಿಲಿಗ್ರಾಂ ಇಂಜೆಕ್ಷನ್ ಪುಡಿಯನ್ನು ಶುದ್ಧ ಗಾಳಿಯ ಪೆಟ್ಟಿಗೆಯೊಳಗೆ 10 ಮಿಲಿ ಲೀಟರಿಗೆ ಕರಗಿಸಿ, ಶೇಕಡಾ 5ರ ಗಟ್ಟಿ ಹನಿ ಮಾಡಿಕೊಡುತ್ತೇವೆ. ಮೊದಮೊದಲು ಗಂಟೆಗೊಮ್ಮೆ, ರಾತ್ರಿಯೂ ಬಿಡದೆ ಹಾಕಬೇಕು. “ಕಂಪ್ನಿ ಹೆಸ್ರೇ ಇಲ್ದಿರೋ ಬಾಟ್ಲೀನ ಕಣ್ಣಿಗೆ ಹೆಂಗ್ ಬುಡೋದು ಸ್ವಾಮಿ?” ಎಂದು ಅವರು ಕೌಂಟರಿನ ಮುಂದೆ ನಿಂತುಬಿಟ್ಟರು. ನನಗೆ ಮೊದಲು ಸಿಟ್ಟು ಬಂದದ್ದನ್ನು ಮುಚ್ಚಿಡಲಾರೆ. ಆದರೆ ನನ್ನ ಲೇಬಲ್ಲಿನಲ್ಲಿ ಇಂಗ್ಲಿಷಿನ ಒಂದೂವರೆ ಸಾಲು ಬಿಟ್ಟು ಬೇರೇನೂ ಇರಲಿಲ್ಲ. ಒಳಗೇನಿದೆ, ಯಾವಾಗ ಮಾಡಿದ್ದು, ಯಾವ ದಿನ ಚೆಲ್ಲಬೇಕು, ಎಲ್ಲಿಡಬೇಕು ಎಂಬುದನ್ನೆಲ್ಲ ಅವರ ಎದುರಿಗೇ ಕನ್ನಡದಲ್ಲಿ ಬರೆದುಕೊಟ್ಟ ಮೇಲೆ, ಮನೆಯಲ್ಲಿ ಫ್ರಿಜ್ ಇಲ್ಲವೆಂದೂ ಊರಿನ ಸೋಡಾ ಅಂಗಡಿಯಲ್ಲಿ ಇಡಿಸುವುದಾಗಿಯೂ ಹೇಳಿ ಬಾಟಲಿ ತೆಗೆದುಕೊಂಡರು. ಅಂದಿನಿಂದ ನಮ್ಮ ಕೊಠಡಿಯ ಲೇಬಲ್ಲುಗಳು ಕನ್ನಡದಲ್ಲಿವೆ, ಮನೆಯಲ್ಲಿ ಫ್ರಿಜ್ ಇದೆಯೇ ಎಂದು ನಾವೇ ಮೊದಲು ಕೇಳುತ್ತೇವೆ.

ಮಧ್ಯರಾತ್ರಿ ಫೋನ್ ಮಾಡಿ “ಇದು ನಿನ್ನೆಯದಕ್ಕಿಂತ ಬಣ್ಣ ಬೇರೆ ಇದೆಯಲ್ಲ” ಎಂದು ನನ್ನ ನಿದ್ದೆ ಕೆಡಿಸಿದ ಮಕ್ಕಳ ವಾರ್ಡಿನ ಸಿಸ್ಟರ್‌ಗಳಿಗೂ ನನ್ನ ವಂದನೆಗಳು. ಹೆಚ್ಚಿನ ಸಲ ಅದು ಬೇರೆ ಕಂಪನಿಯ ಮಾತ್ರೆಯ ಬಣ್ಣವಷ್ಟೇ ಆಗಿರುತ್ತಿತ್ತು. ಆದರೂ ಫೋನ್ ಮಾಡುವುದನ್ನು ಅವರು ನಿಲ್ಲಿಸಲಿಲ್ಲ.

ಕಳೆದ ವಾರ ಹೊಸದಾಗಿ ಸೇರಿದ ಹುಡುಗಿ ನನ್ನ ಲೆಕ್ಕದ ಪುಸ್ತಕ ತೆರೆದು ಎರಡು ಕಡೆ ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾಳೆ. ಒಂದಕ್ಕೆ ಉತ್ತರ ಹೇಳಿದ್ದೇನೆ. ಇನ್ನೊಂದನ್ನು ನಾಳೆ ಇಬ್ಬರೂ ಕೂತು ಮತ್ತೆ ಲೆಕ್ಕ ಹಾಕಲಿದ್ದೇವೆ.