ಸಹಿ ಕೇಳದೆ ಕಳುಹಿಸಿದವರಿಗೆ

ಮಧುಮೇಹದಿಂದ ಕಣ್ಣಿನ ಹಿಂಬದಿಯ ಪದರವಾದ ರೆಟಿನಾದ ಮಧ್ಯಭಾಗದಲ್ಲಿ ಊತ ಬಂದಿದ್ದ ನನ್ನನ್ನು, ಕಣ್ಣಿನೊಳಗೆ ಕೊಡುವ ಎರಡು ಇಂಜೆಕ್ಷನ್‌ಗಳನ್ನು ಹೋಲಿಸುವ ಅಧ್ಯಯನಕ್ಕೆ ಸೇರುತ್ತೀರಾ ಎಂದು ವೈದ್ಯರು ಕೇಳಿದ್ದರು. ಪಾಪೆ ಹಿಗ್ಗಿಸುವ ಹನಿ ಹಾಕಿದ್ದರಿಂದ ಒಪ್ಪಿಗೆ ಪತ್ರದ ಅಕ್ಷರಗಳೆಲ್ಲ ಕಲಸಿಹೋಗಿದ್ದವು. ಹೆದರಿಕೆಯಲ್ಲಿ, ತೋರಿಸಿದಲ್ಲಿ ಸಹಿ ಹಾಕಲು ಸಿದ್ಧನಿದ್ದೆ. ಅಧ್ಯಯನದ ಸಂಯೋಜಕಿಯಾದ ತಾವು ಪೆನ್ನನ್ನು ಪಕ್ಕಕ್ಕಿಟ್ಟು, ಕಿಟಕಿಯ ಪರದೆ ಎಳೆದು, ಪ್ರತಿ ಪುಟವನ್ನೂ ಓದಿ ತಿಳಿಸಿದಿರಿ: ಯಾರಿಗೆ ಯಾವ ಔಷಧವೆಂಬುದನ್ನು ವೈದ್ಯರಾಗಲಿ ನಾನಾಗಲಿ ಆರಿಸುವಂತಿಲ್ಲ, ಅದು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧಾರವಾಗುತ್ತದೆ, ಅಪರೂಪಕ್ಕೆ ಕಣ್ಣಿನೊಳಗೆ ಸೋಂಕಾಗಬಹುದು, ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಅದರಿಂದ ಚಿಕಿತ್ಸೆಗೆ ತೊಡಕಾಗದು. ಸೋಂಕಿನ ಸಾಲನ್ನು (ಅವಸರದವರು ದಾಟಿಸಿಬಿಡುತ್ತಿದ್ದ ಸಾಲು ಅದು) ಎರಡು ಸಲ ಓದಿದಿರಿ. ಬಳಿಕ ಪತ್ರವನ್ನು ಮಡಚಿ ಕೈಗಿತ್ತು, “ಕಣ್ಣು ತಿಳಿಯಾದ ಮೇಲೆ ಮನೆಯವರೊಡನೆ ಓದಿ ಬನ್ನಿ” ಎಂದಿರಿ. ಅರ್ಧ ಭಯ ಅಲ್ಲಿಯೇ ಇಳಿಯಿತು. ಹೆಸರು ತಿಳಿಯದ ತಮಗೆ ನನ್ನ ಧನ್ಯವಾದಗಳು.